ಬಲೆ ತಪ್ಪದ ಮೀನು

ಕೊಯಮತ್ತೂರಿನ ಹತ್ತಿರದ ಸೋಮನೂರಿನಲ್ಲಿ ವೆಲ್ಲಿಂಗಿರಿಯದು ಮೀನು ಮುಟ್ಟದ ಮನೆ. ಮಗ್ಗಕ್ಕೆ ಕೈ ಮುಗಿದು ನೂಲು ಹಿಡಿಯುವ ದೇವಾಂಗರ ಕುಟುಂಬ. ಕೋಳಿಯ ಜೊತೆಗೂ ಅವರ ಸಂಬಂಧ ಬೆಳಗ್ಗೆ ಅದು ಕೂಗಿದಾಗ ಏಳುವಷ್ಟಕ್ಕೇ ಮುಗಿಯುತ್ತಿತ್ತು. ಹೀಗಿರುವಾಗ ಒಂದು ಸಂಜೆ ಅವನು ಊಟಕ್ಕೆ ಕೂತು, "ಇವತ್ತು ಮೀನು ತೊಂಬತ್ತೆಂಟು, ನೆನ್ನೆ ನೂರಾ ಒಂದು" ಎಂದು ಸಂತೋಷದಿಂದ ಹೇಳಿದಾಗ, ತಾಯಿ ಸೆಲ್ಲಮ್ಮ ಬಡಿಸುತ್ತಿದ್ದ ಸೌಟನ್ನು ಗಾಳಿಯಲ್ಲೇ ನಿಲ್ಲಿಸಿದಳು.

"ಆಸ್ಪತ್ರೇಲಿ ಮೀನು ಯಾತಕ್ಕೆ ಸಾಮಿ? ರೋಗಿಗಳಿಗೆ ಬೇಯ್ಸಿ ಹಾಕ್ತಾರಾ?"

"ಆ ಮೀನಲ್ಲಮ್ಮಾ. ಇದು ಇಂಗ್ಲೀಷ್ ಮೀನ್. ಸರಾಸರಿ ಅಂತ."

"ಇಂಗ್ಲೀಷ್ ಮೀನಾದ್ರೂ ಮೀನೇ. ಕೈ ತೊಳ್ದೆಯಾ?"

ವೆಲ್ಲಿಂಗಿರಿ ಎದ್ದುಹೋಗಿ ಕೈ ತೊಳೆದು ಬಂದ. ತಾಯಿಗೆ ಸಂಖ್ಯಾಶಾಸ್ತ್ರ ತಿಳಿಸುವುದಕ್ಕಿಂತ ಕೈ ತೊಳೆಯುವುದು ಸುಲಭವಾಗಿತ್ತು.

ಇದು 1984ರ ಮಾತು. ವೆಲ್ಲಿಂಗಿರಿಗೆ ಆಗ ಮೂವತ್ತೆಂಟು. ಸೋಮನೂರಿನ ಅಂಚಿನಲ್ಲಿದ್ದ ಇಪ್ಪತ್ತು ಹಾಸಿಗೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಅವನು ಹನ್ನೆರಡು ವರ್ಷದಿಂದ ರಕ್ತ, ಮೂತ್ರ ಪರೀಕ್ಷೆ ಮಾಡುತ್ತಿದ್ದ. ಹನ್ನೊಂದು ವರ್ಷ ಅವನನ್ನು ಎಲ್ಲರೂ "ರಕ್ತ ತೆಗೆಯೋ ವೆಲ್ಲಿಂಗಿರಿ" ಎನ್ನುತ್ತಿದ್ದರು. ಹನ್ನೆರಡನೆಯ ವರ್ಷ ಆಸ್ಪತ್ರೆಯ ಒಡೆಯರಾದ ಡಾಕ್ಟರ್ ರಾಜಾಮಣಿ ಅವನನ್ನು ಮದರಾಸಿಗೆ ಐದು ದಿನದ ತರಬೇತಿಗೆ ಕಳಿಸಿದರು. ಹೋದದ್ದು ರಕ್ತ ತೆಗೆಯುವ ವೆಲ್ಲಿಂಗಿರಿ. ತಿರುಗಿ ಬಂದದ್ದು ಬೇರೆ ಮನುಷ್ಯ. ಬಿಳಿ ಕೋಟಿನ ಜೇಬಿಗೆ ಕೆಂಪು, ನೀಲಿ, ಹಸಿರು ಮೂರು ಪೆನ್ನು ಬಂದವು. ಬಾಗಿಲಿಗೆ "ವಿ. ವೆಲ್ಲಿಂಗಿರಿ, ಲ್ಯಾಬ್ ಇನ್‌ಚಾರ್ಜ್" ಎಂಬ ಬೋರ್ಡು ಬಂತು. ಆ ಲ್ಯಾಬಿನಲ್ಲಿ ಇದ್ದವರೇ ಇಬ್ಬರು, ಇವನು ಮತ್ತು ಮೈಲ್‌ಸಾಮಿ. ಅಂದಮೇಲೆ ಇನ್‌ಚಾರ್ಜ್ ಯಾರಿಗೆ ಎಂಬುದರಲ್ಲಿ ಅನುಮಾನಕ್ಕೆ ಜಾಗವಿರಲಿಲ್ಲ.

ಮೈಲ್‌ಸಾಮಿ ಅವನದೇ ಬೀದಿಯವನು, ಅವನದೇ ವಯಸ್ಸಿನವನು, ಒಂದನೆಯ ಕ್ಲಾಸಿನಿಂದ ಒಂದೇ ಬೆಂಚಿನವನು. ಅವನಿಗೆ ಈ ಕೆಲಸ ಕೊಡಿಸಿದ್ದೂ ವೆಲ್ಲಿಂಗಿರಿಯೇ. ಲ್ಯಾಬಿನಲ್ಲಿ ಹೊರಗಿನವರ ಜೊತೆಗೆಲ್ಲ ತಮಿಳು. ಇವರಿಬ್ಬರೇ ಇದ್ದಾಗ ಮನೆಯ ಕನ್ನಡ, ಅದರಲ್ಲಿ ಭಾವ ಅನ್ನುವಂಥ ಸಲುಗೆಯ ಒಂದು ತಮಿಳು 'ಮಾಪ್ಳೆ'.

ಮದರಾಸಿನಿಂದ ವೆಲ್ಲಿಂಗಿರಿ ತಂದ ವಿದ್ಯೆ ಹೀಗಿತ್ತು. ರೋಗಿಗಳ ರಕ್ತ ಪರೀಕ್ಷೆ ಮಾಡಿದ ಮೇಲೆ ಮೇಲಿನ ತಿಳಿ, ಅಂದರೆ ಸೀರಂ, ಒಂದಿಷ್ಟು ಉಳಿಯುತ್ತದೆ. ಅದನ್ನೆಲ್ಲ ಒಟ್ಟು ಬೆರೆಸಿ, ಪೆನ್ಸಿಲಿನ್ ಬುಡ್ಡಿಗಳಿಗೆ ತುಂಬಿ, ಫ್ರಿಜ್ಜಿನ ಐಸ್ ಪೆಟ್ಟಿಗೆಯಲ್ಲಿಡಬೇಕು. ದಿನವೂ ಬೆಳಗ್ಗೆ ರೋಗಿಗಳ ಸರದಿಗೆ ಮೊದಲು ಒಂದು ಬುಡ್ಡಿ ತೆಗೆದು ಅದರ ಸಕ್ಕರೆ ಅಳೆಯಬೇಕು. ಎಲ್ಲ ಬುಡ್ಡಿಯಲ್ಲೂ ಇರುವುದು ಒಂದೇ ಸೀರಂ; ಆದ್ದರಿಂದ ಉತ್ತರವೂ ಹೆಚ್ಚು ಕಡಿಮೆ ಒಂದೇ ಬರಬೇಕು. ಬರದಿದ್ದರೆ ತಪ್ಪು ಸೀರಂನದಲ್ಲ, ನಮ್ಮದು.

ಇಪ್ಪತ್ತು ದಿನ ಹಾಗೆ ಅಳೆದರು. ತೊಂಬತ್ತೈದು, ನೂರಾ ಮೂರು, ತೊಂಬತ್ತೆರಡು, ತೊಂಬತ್ತೊಂಬತ್ತು... ಕೂಡಿಸಿ ಇಪ್ಪತ್ತರಿಂದ ಭಾಗಿಸಿದರೆ ತೊಂಬತ್ತೆಂಟು. ಅದೇ ಮೀನ್. ಆಮೇಲೆ ಒಂದೊಂದು ದಿನದ ಉತ್ತರ ಈ ತೊಂಬತ್ತೆಂಟರಿಂದ ಎಷ್ಟು ದೂರ ನಿಂತಿದೆ ಎಂದು ನೋಡಿ, ಆ ದೂರಗಳನ್ನು ವರ್ಗ ಮಾಡಿ, ಕೂಡಿಸಿ, ಹತ್ತೊಂಬತ್ತರಿಂದ ಭಾಗಿಸಿ, ವರ್ಗಮೂಲ ತೆಗೆದ. ನಾಲ್ಕು ಬಂತು.

"ಇಪ್ಪತ್ತು ದಿನ ಅಳ್ದು ಹತ್ತೊಂಬತ್ರಾಗೆ ಯಾಕ್ಡಾ ಭಾಗಿಸ್ತೀ?" ಎಂದ ಮೈಲ್‌ಸಾಮಿ.

ಇದೇ ಪ್ರಶ್ನೆಯನ್ನು ವೆಲ್ಲಿಂಗಿರಿ ಮದರಾಸಿನ ಮೇಷ್ಟ್ರನ್ನು ಕೇಳಿದ್ದ. ಅವರು ಪುಸ್ತಕದಲ್ಲಿ ಹಾಗಿದೆ ಎಂದಿದ್ದರು. ಆದರೆ ಇನ್‌ಚಾರ್ಜ್ ಆದವನು ಹಾಗೆ ಹೇಳಲಾಗುತ್ತದೆಯೇ? "ಅದೆಲ್ಲಾ ಆಳವಾದ ವಿಷಯ" ಎಂದ.

"ಓಹೋ. ಒಂದು ದಿನ ದೇವ್ರ ಪಾಲು ಅನ್ನು."

ಈ ನಾಲ್ಕು ಏನೆಂಬುದನ್ನು ಯಾವ ಪುಸ್ತಕಕ್ಕಿಂತಲೂ ಚೆನ್ನಾಗಿ ಅರ್ಥ ಮಾಡಿಕೊಂಡವಳು ಅಕ್ಷರ ಬಾರದ ಸೆಲ್ಲಮ್ಮ. ಮನೆಯ ಹಿಂದಿನ ಶೆಡ್ಡಿನಲ್ಲಿ ಎರಡು ಪವರ್‌ಲೂಮ್ ಇದ್ದವು. ನೇಯ್ದ ಬಟ್ಟೆಯ ಮೇಲೆ ಭೂತಗನ್ನಡಿ ಇಟ್ಟು ಒಂದು ಇಂಚಿಗೆ ಎಷ್ಟು ಎಳೆ ಬಿದ್ದಿದೆ ಎಂದು ಎಣಿಸುವುದು ಮೂವತ್ತು ವರ್ಷದಿಂದ ಅವಳ ಕೆಲಸ. ಮಗ ಚಾರ್ಟಿನ ಸಂಗತಿ ವಿವರಿಸಲು ಒದ್ದಾಡುತ್ತಿದ್ದಾಗ ಅವಳೇ ಕೈ ಬೀಸಿ ನಿಲ್ಲಿಸಿದಳು.

"ಓ, ಆಟ! ಐವತ್ತೆರಡು ಎಳೆ ಅಂದ್ರೆ ಎಲ್ಲಾ ಕಡೇನೂ ಐವತ್ತೆರಡೇ ಇರ್ತದಾ? ಒಂದ್ಕಡೆ ಐವತ್ತು, ಒಂದ್ಕಡೆ ಐವತ್ಮೂರು. ಕೈಗೆ ಆಟ ಐತೆ, ಮಗ್ಗಕ್ಕೂ ಆಟ ಐತೆ. ಆಟ ಎಷ್ಟು ಅಂತ ಗೊತ್ತಿದ್ರೆ ಬಟ್ಟೆ ಗೊತ್ತಾಯ್ತು. ಇದಕ್ಕೆ ಮದ್ರಾಸಿಗೋಗಿ ಬಂದೆಯಾ?"

ಮಗನಿಗೆ ಸ್ವಲ್ಪ ಅವಮಾನವಾಯಿತು. ಐದು ದಿನದ ವಿದ್ಯೆ ಒಂದು ಪದದಲ್ಲಿ ಮುಗಿಯಬಾರದಿತ್ತು.

ಆಟ ನಾಲ್ಕು, ಅದರ ಎರಡರಷ್ಟು ಎಂಟು. ತೊಂಬತ್ತೆಂಟರಿಂದ ಎಂಟು ಕೆಳಗೆ, ಎಂಟು ಮೇಲೆ. ಗ್ರಾಫ್ ಹಾಳೆಯಲ್ಲಿ ತೊಂಬತ್ತಕ್ಕೊಂದು ಕೆಂಪು ಗೆರೆ, ನೂರಾ ಆರಕ್ಕೊಂದು ಕೆಂಪು ಗೆರೆ, ನಡುವೆ ತೊಂಬತ್ತೆಂಟಕ್ಕೆ ಹಸಿರು. ದಿನದ ಉತ್ತರಕ್ಕೆ ನೀಲಿ ಚುಕ್ಕೆ. ಚುಕ್ಕೆ ಎರಡು ಕೆಂಪು ಗೆರೆಗಳ ಒಳಗೆ ಬಿದ್ದರೆ ರೋಗಿಗಳ ಪರೀಕ್ಷೆ ಶುರು. ಹೊರಗೆ ಬಿದ್ದರೆ ನಿಲ್ಲಿಸು, ಕಾರಣ ಹುಡುಕು. ಕೆಂಪು ಗೆರೆಗಳಿಗೆ ಮೈಲ್‌ಸಾಮಿ ಬಲೆ ಎಂದು ಹೆಸರಿಟ್ಟ. ಅಲ್ಲಿಂದ ಬೆಳಗಿನ ಮೊದಲ ಪ್ರಶ್ನೆ, "ಮೀನು ಬಲೇಲೈತಾ?"

ಇಲ್ಲೊಂದು ಮುಖ್ಯ ಸಂಗತಿ. ಅಳೆಯುವವನು ಮೈಲ್‌ಸಾಮಿ, ಚುಕ್ಕೆ ಇಡುವವನು ವೆಲ್ಲಿಂಗಿರಿ. ಮೊದಲ ಇಪ್ಪತ್ತು ದಿನ ವೆಲ್ಲಿಂಗಿರಿಯೂ ಪಕ್ಕದಲ್ಲಿ ನಿಂತು ಕುದಿನೀರಿನಲ್ಲಿ ಸಕ್ಕರೆ ಇದ್ದಷ್ಟೂ ಹಸಿರಾಗುವ ನಳಿಗೆಗಳನ್ನು ನೋಡಿದ್ದ, ಆ ಹಸಿರನ್ನು ಅಳೆಯುವ ಯಂತ್ರದ ಮುಳ್ಳು ಎಲ್ಲಿ ನಿಂತಿತೆಂದು ಬಗ್ಗಿ ಓದಿದ್ದ. ಚಾರ್ಟು ಸಿದ್ಧವಾದ ಮೇಲೆ ಅವನು ಮೇಜಿಗೆ ಹೋಗಿ ಕೂತ. ರೋಗಿಗಳ ಸಕ್ಕರೆ ನೋಡುವ ಕೈಯೇ ಇದನ್ನೂ ನೋಡಬೇಕು, ಅದೇ ಕ್ರಮ ಎಂದು ಕಾರಣ ಹೇಳಿದ. ಕ್ರಮ ಹೌದು. ಮೂರು ಪೆನ್ನಿನ ಕೋಟಿಗೆ ಆಸಿಡ್ ಸಿಡಿಯಬಾರದೆಂಬುದೂ ಹೌದು.

ತಮಿಳರ ಆವಣಿ ತಿಂಗಳ, ಅಂದರೆ ಆಗಸ್ಟ್ ಕೊನೆಯ, ಒಂದು ಸೋಮವಾರ ಮೀನು ಬಲೆ ತಪ್ಪಿತು: ನೂರಾ ಒಂಬತ್ತು. ವೆಲ್ಲಿಂಗಿರಿ ಎದ್ದು ನಿಂತು ಪರೀಕ್ಷೆಗಳನ್ನು ನಿಲ್ಲಿಸಿದ. ಹೊರಗೆ ಬೆಂಚಿನ ಮೇಲೆ ಹದಿನಾಲ್ಕು ಜನ ಬರಿಹೊಟ್ಟೆಯಲ್ಲಿ ಕೂತಿದ್ದರು. ರಕ್ತ ಕೊಟ್ಟ ಕೂಡಲೆ ತಿನ್ನಲೆಂದು ಮನೆಯಿಂದ ತಂದ ಇಡ್ಲಿ ಡಬ್ಬಿಗಳು ಅವರ ತೊಡೆಯ ಮೇಲೆ. ಒಂಬತ್ತಾಯಿತು, ಹತ್ತಾಯಿತು. ಡಬ್ಬಿಗಳಿಂದ ಚಟ್ನಿಯ ವಾಸನೆ ಬರತೊಡಗಿತು. ಎಂಟು ಮಗ್ಗದ ಒಡೆಯ ಕುಪ್ಪಸಾಮಿ ಬಾಗಿಲಿಗೇ ಬಂದ.

"ಏನುಂಗ ಇನ್‌ಚಾರ್ಜು, ನಮ್ ರಕ್ತ ತೆಗ್ಯಾಕೆ ಯಾರ ಮೀನಿಗೆ ಕಾಯ್ತಾ ಇದೀರಾ?"

"ವಿಜ್ಞಾನಕ್ಕೆ ಕಾಯ್ತಾ ಇದೀವಿ. ಕೂತ್ಕೊಳಿ."

"ಸರಿಂಗ. ನಿಮ್ ವಿಜ್ಞಾನ ಬರೋದ್ರಾಗೆ ನಾನು ಹೋಗ್ಬಿಟ್ರೆ ಈ ಇಡ್ಲೀನ ನನ್ ಹೆಂಡ್ತಿಗೆ ವಾಪಸ್ ಕೊಡಿ."

ಹೊಸ ಬುಡ್ಡಿ ತೆಗೆದು ಮತ್ತೆ ಅಳೆದು ನೂರಾ ಎರಡು ಬರುವ ಹೊತ್ತಿಗೆ ಹನ್ನೊಂದೂ ಕಾಲು. ಅಷ್ಟರಲ್ಲಿ ಇಬ್ಬರಿಗೆ ಕಣ್ಣು ಕತ್ತಲೆ ಬಂದಿತ್ತು, ಆರು ಜನ ಇಡ್ಲಿ ತಿಂದು ಮನೆಗೆ ಹೋಗಿದ್ದರು. ಹದಿನೈದು ದಿನ ಕಳೆದು ಹೀಗೇ ಇನ್ನೊಮ್ಮೆ ಆಯಿತು. ಡಾಕ್ಟರ್ ರಾಜಾಮಣಿ ವೆಲ್ಲಿಂಗಿರಿಗೆ ಏನೂ ಹೇಳಲಿಲ್ಲ. ಬಾಗಿಲಲ್ಲಿ ನಿಂತು ನಕ್ಕು ಹೋದರು.

ಆಮೇಲೆ ಮೀನು ಪಳಗಿತು. ತೊಂಬತ್ತೆಂಟು, ತೊಂಬತ್ತೇಳು, ತೊಂಬತ್ತೊಂಬತ್ತು, ತೊಂಬತ್ತೆಂಟು. ತಿಂಗಳ ಮೇಲೆ ತಿಂಗಳು ಬೆಳಗ್ಗೆ ಎಂಟೂವರೆಗೆ ಮೈಲ್‌ಸಾಮಿ ಕೂಗುತ್ತಿದ್ದ: "ಬಲೇಲೈತೆ ಮಾಪ್ಳೆ, ಹಸ್ರು ಗೆರೆ ಮೇಲೇ ಕುಂತೈತೆ!" ವೆಲ್ಲಿಂಗಿರಿ ಚುಕ್ಕೆ ಇಡುತ್ತಿದ್ದ. ತನ್ನ ತರಬೇತಿಯಿಂದ ಮೈಲ್‌ಸಾಮಿಯ ಕೈ ಎಷ್ಟು ಹದವಾಯಿತು ಎಂದು ಹೋದಲ್ಲೆಲ್ಲ ಹೇಳುತ್ತಿದ್ದ. ಡಾಕ್ಟರು ಹಳೆಯ ಹಾಳೆಗಳ ನಕಲಿಗೆ ಗಾಜಿನ ಕಟ್ಟು ಹಾಕಿಸಿ ವರಾಂಡದಲ್ಲಿ ತೂಗುಹಾಕಿದರು. ಕೊಯಮತ್ತೂರಿನಿಂದ ಯಾರು ಬಂದರೂ ಮೊದಲು ಅದರ ಮುಂದೆ ನಿಲ್ಲಿಸಿ, "ಇದು ನಮ್ಮ ಲ್ಯಾಬು" ಎನ್ನುತ್ತಿದ್ದರು.

ಐಪ್ಪಸಿ ತಿಂಗಳಲ್ಲಿ, ದೀಪಾವಳಿಯ ಕಜ್ಜಾಯ ಮುಗಿಯುವ ಮುಂಚೆಯೇ, ವೆಲ್ಲಿಂಗಿರಿ ತಾಯಿಯ ರಕ್ತವನ್ನೂ ಅಳೆಸಿದ. ಏನೂ ಆಗಿರಲಿಲ್ಲ, ಇನ್‌ಚಾರ್ಜ್ ಮನೆಯವರು ಮಾದರಿಯಾಗಿರಬೇಕಲ್ಲ. ಬರಿಹೊಟ್ಟೆಯಲ್ಲಿ ನೂರಾ ನಲವತ್ತಾರು. ಆ ಕಾಲದ ಲೆಕ್ಕದಲ್ಲಿ ನೂರಾ ನಲವತ್ತು ದಾಟಿದರೆ ಸಕ್ಕರೆ ಕಾಯಿಲೆ. ಡಾಕ್ಟರು ದಿನಕ್ಕೊಂದು ಮಾತ್ರೆ ಬರೆದರು. ಸೆಲ್ಲಮ್ಮನ ಕಾಫಿಗೆ ಬೆಲ್ಲ ನಿಂತಿತು, ಬೆಲ್ಲದ ಡಬ್ಬಿಯೂ ಕಜ್ಜಾಯದ ಡಬ್ಬಿಯೂ ಅಟ್ಟ ಹತ್ತಿದವು.

ಒಂದು ವಾರಕ್ಕೇ ಅವಳು ಹೇಳಿದಳು, "ಸಾಮಿ, ಈ ಮಾತ್ರೆ ತಕ್ಕೊಂಡ್ರೆ ಮಯಕ್ಕ ಬರ್ತದೆ, ತಲೆ ತಿರುಗ್ತದೆ. ಬೆವ್ರು ಸುರೀತದೆ, ಎಳೆ ಎಣ್ಸಾಕಾಗಲ್ಲ, ಕೈ ನಡುಗ್ತದೆ."

"ಅಭ್ಯಾಸ ಆಗ್ತದಮ್ಮಾ."

ತಿಂಗಳು ಬಿಟ್ಟು ಮತ್ತೆ ಅಳೆದರೆ ನೂರಾ ನಲವತ್ತೈದು. ಮಾತ್ರೆ ತಿಂದರೂ ಇಳಿಯಲಿಲ್ಲವೆಂದು ಡಾಕ್ಟರು ಎರಡು ಮಾತ್ರೆ ಮಾಡಿದರು. ಅದರ ಮುಂದಿನ ತಿಂಗಳು ನೂರಾ ನಲವತ್ತೇಳು. ವೆಲ್ಲಿಂಗಿರಿ ಚಾರ್ಟು ನೋಡಿದ. ಮೀನು ಹಸಿರು ಗೆರೆಯ ಮೇಲೆ ನೆಮ್ಮದಿಯಾಗಿ ಕೂತಿತ್ತು. ಲ್ಯಾಬು ಸರಿಯಿದ್ದ ಮೇಲೆ ತಪ್ಪು ಎಲ್ಲಿ? ಉತ್ತರ ಒಂದೇ. ಅವನು ಮನೆಗೆ ಬಂದು, ಶೆಡ್ಡಿನಲ್ಲಿ ಅಕ್ಕಪಕ್ಕದ ನಾಲ್ಕು ಹೆಂಗಸರು ಲಾಳಿಯ ಕಂಡಿಕೆಗಳಿಗೆ ನೂಲು ಸುತ್ತುತ್ತಿರುವಾಗ, ಅವರೆಲ್ಲರ ಮುಂದೆ ಕೇಳಿದ.

"ಅಮ್ಮಾ, ಕದ್ದು ಬೆಲ್ಲ ತಿಂತಾ ಇದೀಯಾ?"

"ಇಲ್ಲಪ್ಪಾ. ಆಣೆ ಮಾಡ್ತೀನಿ, ಎರಡ್ ತಿಂಗ್ಳಾಯ್ತು ಬೆಲ್ಲ ಮುಟ್ಟಿಲ್ಲ."

"ಆಣೆ ಬೇಡ. ನಮ್ ಚಾರ್ಟ್ ಸುಳ್ಳು ಹೇಳಲ್ಲ. ಸುಳ್ಳು ಹೇಳ್ತಾ ಇರೋದು ನೀನು."

ಕಂಡಿಕೆ ಸುತ್ತುವ ಚರಕಗಳು ಒಂದು ಗಳಿಗೆ ನಿಂತವು. ಸೆಲ್ಲಮ್ಮ ಮಗನ ಮುಖ ನೋಡಿದಳು. ಬಾಯಿ ತೆರೆದು ಏನೋ ಹೇಳಹೋಗಿ ನುಂಗಿಕೊಂಡಳು. ಭೂತಗನ್ನಡಿಯನ್ನು ಬಟ್ಟೆಯ ಮೇಲೆ ಇಟ್ಟು ಬಗ್ಗಿದಳು. ಅಂದಿನಿಂದ ಮಗನ ಜೊತೆ ಊಟಕ್ಕೆ ಬಾ, ಕೈ ತೊಳಿ ಎಂಬ ಎರಡು ಮಾತು ಬಿಟ್ಟರೆ ಮೂರನೆಯದಿಲ್ಲ. ಆ ಮನೆಯಲ್ಲಿ ಈಗ ತಾಯಿಯ ಮಾತು ಒಂದು ಕಡೆ, ಗ್ರಾಫ್ ಹಾಳೆ ಒಂದು ಕಡೆ. ಎರಡರಲ್ಲಿ ಒಂದು ಸುಳ್ಳಾಗಲೇಬೇಕಿತ್ತು.

ಪಂಗುನಿ ತಿಂಗಳು, ಅಂದರೆ ಮಾರ್ಚ್ ನಡುವೆ, ಕೊಯಮತ್ತೂರಿನಲ್ಲಿ ಲ್ಯಾಬ್ ಕೆಲಸದವರ ಒಂದು ಸಭೆ ಏರ್ಪಟ್ಟಿತು. ಅಲ್ಲಿ ಪ್ರದರ್ಶನಕ್ಕೆ ಇಡಲು ವೆಲ್ಲಿಂಗಿರಿ ಎಂಟು ತಿಂಗಳ ಹಾಳೆಗಳನ್ನು ಅಂಟಿಸಿ ಒಂದೇ ಉದ್ದದ ಸುರುಳಿ ಮಾಡಿದ. ಭಾನುವಾರ ಮಧ್ಯಾಹ್ನ ಅದನ್ನು ಮನೆಗೆ ತಂದು ಹಜಾರದಲ್ಲಿ ಹಾಸಿ, ಮಾಸಿದ ಗೆರೆಗಳ ಮೇಲೆ ಮತ್ತೆ ಬಣ್ಣ ತಿದ್ದುತ್ತ ಕೂತ. ನೀರು ಕೊಡಲು ಬಂದ ಸೆಲ್ಲಮ್ಮ ನಿಂತಳು. ಬಟ್ಟೆಯಂತೆ ಹಾಸಿದ್ದನ್ನು ನೋಡಿದರೆ ಅವಳಿಗೆ ಬಗ್ಗದಿರಲು ಆಗುವುದಿಲ್ಲ. ಒಂದು ತುದಿಯಿಂದ ಇನ್ನೊಂದು ತುದಿಗೆ ಬೆರಳಾಡಿಸುತ್ತ ನಡೆದಳು.

"ಇದು ಒಂದ್ ಕೈಯಿ ನೇಯ್ದಿದ್ದಲ್ಲ" ಎಂದಳು. ಎರಡು ತಿಂಗಳಲ್ಲಿ ಅವಳಾಡಿದ ಮೂರನೆಯ ಮಾತು ಅದು.

"ಎಲ್ಲಾ ಮೈಲ್‌ಸಾಮೀನೇ ಅಮ್ಮಾ."

"ಇರ್ಬೋದು. ಇಲ್ಲೀಗಂಟ ಆಟ ಐತೆ. ಏರ್ತದೆ, ಇಳೀತದೆ, ಎರಡ್ಸಲ ಗೆರೆ ದಾಟೈತೆ. ಇಲ್ಲಿಂದಾಚೆಗೆ ಆಟಾನೇ ಇಲ್ಲ. ಇದೆಲ್ಲಾ ಬರೀ ಮೊಗ."

ಮೊಗ ಎಂದರೇನೆಂದು ನೇಯ್ಗೆಯವರ ಮಗನಿಗೆ ಬಿಡಿಸಿ ಹೇಳಬೇಕಿರಲಿಲ್ಲ. ವ್ಯಾಪಾರಿ ಬಟ್ಟೆಯ ಮಡಿಕೆ ಬಿಚ್ಚಿ ನೋಡುವುದು ಮೊದಲ ಒಂದು ಗಜ. ಕಳ್ಳ ನೇಯ್ಗೆಯವನು ಆ ಒಂದು ಗಜಕ್ಕೆ ಎಳೆ ಒತ್ತೊತ್ತಿ ಹಾಕಿ, ಒಳಗಿನದನ್ನು ಜಾಳಾಗಿ ಬಿಡುತ್ತಾನೆ. ಆ ಮೊದಲ ಗಜವೇ ಮೊಗ. ತೋರಿಸಲೆಂದೇ ನೇಯ್ದದ್ದು.

ಸೆಲ್ಲಮ್ಮ ಒಳಗೆ ಹೋದಳು. ವೆಲ್ಲಿಂಗಿರಿ ಪೆನ್ನಿನ ಮುಚ್ಚಳ ಹಾಕಿದ. ಕೋಪ ಬಂತು, ಕೋಪದಲ್ಲೇ, ತಾಯಿಯ ಮಾತು ತಪ್ಪೆಂದು ತೋರಿಸಲು, ಒಂದು ಕಾಗದ ತೆಗೆದು ಲೆಕ್ಕ ಹಾಕಿದ. ಮೊದಲ ಇಪ್ಪತ್ತು ದಿನದ ಆಟ ನಾಲ್ಕು. ಕೊನೆಯ ಇಪ್ಪತ್ತು ದಿನದ್ದು ಒಂದಕ್ಕೂ ಕಡಿಮೆ. ಅದೇ ನಳಿಗೆ, ಅದೇ ಮುಳ್ಳು, ಅದೇ ಕೈ. ಆಟ ಮಾತ್ರ ಕಾಲು ಪಾಲು. ಆಮೇಲೆ ಮದರಾಸಿನ ನೋಟ್‌ಬುಕ್ಕಿನಲ್ಲಿ ತಾನೇ ಕೆಂಪು ಶಾಯಿಯಲ್ಲಿ ಅಡಿಗೆರೆ ಹಾಕಿದ್ದ ಒಂದು ಸಾಲು ಕಣ್ಣಿಗೆ ಬಿತ್ತು. ಎಲ್ಲವೂ ಸರಿಯಿದ್ದಾಗಲೂ ಇಪ್ಪತ್ತು ದಿನಕ್ಕೊಂದು ಚುಕ್ಕೆ ಹೊರಗೆ ಬೀಳುವುದು ಸಹಜ. ಮೀನು ಪಳಗಿದ ಮೇಲೆ ನೂರಾ ಅರವತ್ತು ದಿನ ಕಳೆದಿದ್ದವು. ಎಂಟು ಮೀನಾದರೂ ಬಲೆ ತಪ್ಪಿಸಿಕೊಳ್ಳಬೇಕಿತ್ತು. ಒಂದೂ ತಪ್ಪಿಸಿಕೊಂಡಿರಲಿಲ್ಲ.

ಅಂಥ ಬಲೆ ಹೊಳೆಯಲ್ಲಿ ಇರುವುದಿಲ್ಲ. ಕಾಗದದಲ್ಲಿ ಇರುತ್ತದೆ.

ಆದರೂ ಅವನು ನಂಬಲಿಲ್ಲ. ಮೂವತ್ತು ವರ್ಷದ ಬೆಂಚಿನ ಸ್ನೇಹವನ್ನು ಒಂದು ಭಾಗಾಕಾರ ಮುರಿಯುತ್ತದೆಯೇ? ಸೋಮವಾರ ಆರೂವರೆಗೇ ಲ್ಯಾಬಿಗೆ ಹೋಗಿ ಆ ದಿನದ ಬುಡ್ಡಿ ತೆಗೆದ. ಅದರೊಳಕ್ಕೆ ಒಂದು ಚಿಟಿಕೆ ಗ್ಲೂಕೋಸ್ ಪುಡಿ ಹಾಕಿ ಕರಗಿಸಿದ. ಈಗ ಅದನ್ನು ಯಾರು ಅಳೆದರೂ ಮುಳ್ಳು ಯಂತ್ರದ ಕೊನೆಗೆ ಹೋಗಿ ಬಡಿಯಬೇಕು. ಬುಡ್ಡಿಯನ್ನು ಇದ್ದಲ್ಲೇ ಇಟ್ಟು ಮೇಜಿಗೆ ಬಂದು ಕೂತ. ಹನ್ನೆರಡು ವರ್ಷದಲ್ಲಿ ಅವನು ದೇವರಿಗೆ ಬೇಡಿಕೊಂಡ ಸಂಖ್ಯೆಗಳಲ್ಲಿ ಅತ್ಯಂತ ದೊಡ್ಡದು ಅಂದಿನದು. ಮುನ್ನೂರು ಅನ್ನು, ನಾನೂರು ಅನ್ನು, ಅಯ್ಯೋ ಏನೋ ಆಗಿದೆ ಅಂತ ಕೂಗು ಮೈಲ್‌ಸಾಮಿ.

ಎಂಟೂವರೆಗೆ ಮೈಲ್‌ಸಾಮಿ ಕೂಗಿದ: "ಬಲೇಲೈತೆ ಮಾಪ್ಳೆ! ತೊಂಬತ್ತೆಂಟು!"

ವೆಲ್ಲಿಂಗಿರಿ ನೀಲಿ ಪೆನ್ನು ತೆಗೆದ. ಚುಕ್ಕೆ ಇಡಲಿಲ್ಲ.

"ಮೈಲ್‌ಸಾಮಿ, ಬುಡ್ಡಿ ಎಲ್ಲಿ?"

"ತೊಳ್ದಾಕ್ದೆ. ಯಾಕ್ಡಾ?"

"ಅದ್ರಾಗೆ ನಾನು ಸಕ್ಕರೆ ಹಾಕಿದ್ದೆ."

ಮೈಲ್‌ಸಾಮಿ ಕೈಯಲ್ಲಿದ್ದ ಪಿಪೆಟ್ಟನ್ನು ಮೆಲ್ಲಗೆ ಸ್ಟ್ಯಾಂಡಿಗೆ ಸಿಕ್ಕಿಸಿದ. 

"ಎಷ್ಟು ದಿನದಿಂದ?" ಎಂದ ವೆಲ್ಲಿಂಗಿರಿ.

"ಎರಡ್ನೇ ಸಲ ಪೇಷಂಟ್‌ಗಳು ಗಲಾಟೆ ಮಾಡಿದ್ರಲ್ಲಾ, ಅವತ್ತಿಂದ. ಡಾಕ್ಟ್ರು ಕರ್ದು ಹೇಳಿದ್ರು. ಅವನಿಗೇನು ನಂಬರ್ ಬೇಕೋ ಅದನ್ನ ಕೊಟ್ಬಿಡಪ್ಪಾ, ಸಂತೋಷವಾಗಿ ಗೆರೆ ಎಳ್ಕೊಂಡು ಕೂತಿರ್ಲಿ ಅಂತ."

"ನೀನು ಕೊಟ್ಬಿಟ್ಟೆ."

"ಕೊಟ್ಟೆ. ಬುಡ್ಡಿ ತೆಗ್ದು ಸಿಂಕಿಗೆ ಸುರ್ದು ನಂಬರ್ ಕೂಗ್ತಿದ್ದೆ. ಆರ್ ತಿಂಗ್ಳಲ್ಲಿ ಒಂದಿನ, ಒಂದೇ ಒಂದಿನ, ನೀನು ಆ ಕುರ್ಚಿಯಿಂದ ಎದ್ದು ಈ ನಳಿಗೆ ಹಸ್ರಾಯ್ತಾ ಅಂತ ಬಂದು ನೋಡಿದ್ಯಾ ಮಾಪ್ಳೆ? ಬಂದಿದ್ರೆ ಅವತ್ತೇ ಗೊತ್ತಾಗ್ತಿತ್ತು. ನೀನು ಬರ್ತೀಯಾ ಅಂತ ಮೊದ್ಲ ತಿಂಗಳೆಲ್ಲಾ ಹೆದರ್ಕೊಂಡಿದ್ದೆ. ಆಮೇಲೆ ಹೆದರಿಕೇನೂ ಹೋಯ್ತು."

ವೆಲ್ಲಿಂಗಿರಿ ನೀಲಿ ಪೆನ್ನನ್ನು ಜೇಬಿಗೆ ಸಿಕ್ಕಿಸಿದ.

"ಯಾರಿಗೆಲ್ಲಾ ಗೊತ್ತು?"

"ನರ್ಸುಗಳಿಗೆ ಗೊತ್ತು. ಕಸ ಗುಡಿಸೋ ಬೆಳ್ಳಿಯಮ್ಮಂಗೂ ಗೊತ್ತು. ಸುರಿಯೋ ಮುಂಚೆ ಬುಡ್ಡೀನ ಅವ್ಳೇ ಒಂದಿನ ಕೇಳಿದ್ಲು, ಚೆನ್ನಾಗೈತೆ, ಸುಣ್ಣ ಇಟ್ಕೊಳಾಕೆ ಕೊಡೀಂಗ ಅಂತ."

ವೆಲ್ಲಿಂಗಿರಿ ಕೋಟು ಬಿಚ್ಚಿ ಕುರ್ಚಿಗೆ ಹಾಕಿದ. ಬೇರೊಂದು ಬುಡ್ಡಿ ತೆಗೆದು, ಎಂಟು ತಿಂಗಳಲ್ಲಿ ಮೊದಲ ಬಾರಿಗೆ, ತಾನೇ ಅಳೆದ. ನೂರಾ ಹದಿನೆಂಟು. ಇನ್ನೊಂದು ಬುಡ್ಡಿ, ನೂರಾ ಹದಿನಾರು. ಮೀನು ಬಲೆ ಹರಿದುಕೊಂಡು ಎಂದೋ ಹೋಗಿತ್ತು. ಕಾರಣ ಹುಡುಕಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಪ್ರತಿ ರಕ್ತವನ್ನೂ ಹೋಲಿಸಿ ನೋಡಲು ಇಟ್ಟಿದ್ದ ಗ್ಲೂಕೋಸ್ ದ್ರಾವಣದ ಸೀಸೆಯನ್ನು ಬೆಳಕಿಗೆ ಹಿಡಿದ. ತಳದಲ್ಲಿ ಹತ್ತಿಯ ಎಳೆಯಂಥ ಬಿಳಿ ಬೂಷ್ಟು ತೇಲುತ್ತಿತ್ತು. ಬೂಷ್ಟು ಆ ಸಕ್ಕರೆಯನ್ನು ತಿಂದಿತ್ತು. ಅಳತೆಗೋಲೇ ಮೋಟಾದರೆ ಅಳೆದದ್ದೆಲ್ಲ ಉದ್ದ ಕಾಣುತ್ತದೆ. ಸೋಮನೂರಿನ ರಕ್ತವೆಲ್ಲ ಐದಕ್ಕೊಂದು ಪಾಲು ಹೆಚ್ಚು ಸಿಹಿಯಾಗಿ ಕಂಡಿತ್ತು. ಅದು ಎಂದು ಕೆಟ್ಟಿತೋ ಯಾರಿಗೂ ತಿಳಿಯದು. ತಿಳಿಸಲೆಂದೇ ಇದ್ದ ಚಾರ್ಟು ಗಾಜಿನ ಕಟ್ಟು ಹಾಕಿಸಿಕೊಂಡು ವರಾಂಡದಲ್ಲಿ ನೇತಾಡುತ್ತಿತ್ತು.

ಹೊಸ ದ್ರಾವಣ ತೂಗಿ ಮಾಡಿ ಮತ್ತೆ ಬುಡ್ಡಿ ಅಳೆದ. ತೊಂಬತ್ತಾರು. ಆಮೇಲೆ ಸೈಕಲ್ ಹತ್ತಿ ಮನೆಗೆ ಹೋದ.

"ಅಮ್ಮಾ, ಇನ್ನೊಂದ್ಸಲ ರಕ್ತ ಕೊಡು. ಇವತ್ತು ನಾನೇ ಅಳೀತೀನಿ."

ಬೆಳಗಿನಿಂದ ಅವಳು ಏನೂ ತಿಂದಿರಲಿಲ್ಲ. ಮಗ ಹಿಡಿದ ತೋಳನ್ನು ಸುಮ್ಮನೆ ಕೊಟ್ಟಳು. ಲ್ಯಾಬಿಗೆ ಒಯ್ದು ಅಳೆದ: ನೂರಾ ಇಪ್ಪತ್ತೊಂದು. ಕಾಯಿಲೆಯ ಗೆರೆಗಿಂತ ಬಹಳ ಕೆಳಗೆ.

ಮಧ್ಯಾಹ್ನ ವೆಲ್ಲಿಂಗಿರಿ ಅಟ್ಟದಿಂದ ಬೆಲ್ಲದ ಡಬ್ಬಿ ಇಳಿಸಿ ತಾಯಿಯ ಮುಂದೆ ಇಟ್ಟ.  "ಕೈ ತೊಳ್ದಿದೀನಿ" ಎಂದಷ್ಟೇ ಹೇಳಿದ. ಆಮೇಲೆ, "ದಿನಾ ಎರಡು ಮಾತ್ರೆ ನುಂಗಿಸ್ಬಿಟ್ಟೆನಲ್ಲಮ್ಮಾ" ಎಂದ.

ಸೆಲ್ಲಮ್ಮ ಎದ್ದು ಶೆಡ್ಡಿಗೆ ಹೋಗಿ ಕಂಡಿಕೆಗಳ ಪೆಟ್ಟಿಗೆ ತಂದು ನೆಲಕ್ಕೆ ಬೋರಲು ಹಾಕಿದಳು. ಕಂಡಿಕೆಗಳ ನಡುವಿನಿಂದ ಬಿಳಿ ಮಾತ್ರೆಗಳು ಉರುಳಿ ಹಜಾರವೆಲ್ಲ ಹರಡಿದವು.

"ಒಂದ್ ವಾರ ನುಂಗ್ದೆ. ಸತ್ತೋಗ್ತೀನಿ ಅನ್ನಿಸ್ತು, ನಿಲ್ಲಿಸ್ಬಿಟ್ಟೆ. ಅವತ್ತು ನೀನು ಕೇಳ್ದಾಗ ಹೇಳಾಣ ಅಂತ ಬಾಯ್ಗೆ ಬಂತು. ನೀನು ಬೆಲ್ಲ ಅಂದೆ. ಬೆಲ್ಲ ನಾನು ತಿಂದಿರ್ಲಿಲ್ಲ, ಅದಕ್ಕೆ ಆಣೆ ಮಾಡ್ದೆ. ಮಾತ್ರೆ ವಿಷ್ಯ ನೀನು ಕೇಳ್ಲಿಲ್ಲ."

ಮಾತ್ರೆ ಇಳಿಸದ ಸಕ್ಕರೆಯ ಗುಟ್ಟು ಅದು. ವೆಲ್ಲಿಂಗಿರಿ ಹೆಂಡತಿ ರುಕ್ಮಣಿಯ ಕಡೆ ನೋಡಿದ. ಅವಳು ಬಗ್ಗಿ ಮಾತ್ರೆ ಆರಿಸತೊಡಗಿದಳು. ಅವಳಿಗೂ ಗೊತ್ತಿತ್ತು. ಅತ್ತೆ ಇದ್ದಕ್ಕಿದ್ದಂತೆ ಗೆಲುವಾಗಿ ಓಡಾಡತೊಡಗಿದ್ದು ಯಾಕೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ತನ್ನ ಸುತ್ತ ಇಷ್ಟೊಂದು ಜನ ಇಷ್ಟು ಒಗ್ಗಟ್ಟಾಗಿ ಮೋಸ ಮಾಡಿದ್ದರಲ್ಲಿ ತಾಯಿಯ ಮೋಸವೊಂದೇ ತಾಯಿಯನ್ನು ಉಳಿಸಿತ್ತು. ಅದಕ್ಕೆ ಸಂತೋಷಪಡಬೇಕೋ ಅಳಬೇಕೋ ತಿಳಿಯದೆ ಅವನು ಬೆಲ್ಲ ಬಾಯಿಗೆ ಹಾಕಿಕೊಂಡ.

ಮರುದಿನ ಡಾಕ್ಟರ್ ರಾಜಾಮಣಿಯ ಮುಂದೆ ನಿಂತ. ದೀಪಾವಳಿಯಿಂದ ಈಚೆಗೆ ಸಕ್ಕರೆ ಇದೆಯೆಂದು ಹೇಳಿಸಿಕೊಂಡ ನಲವತ್ತೊಂದು ಜನರ ಪಟ್ಟಿ ಅವನ ಕೈಯಲ್ಲಿತ್ತು. ಇವರನ್ನೆಲ್ಲ ಕರೆಸಿ ಮತ್ತೆ ಅಳೆಯಬೇಕು ಎಂದ.

"ಕರೆಸಿ ಏನು ಹೇಳ್ತೀಯಪ್ಪಾ? ನಮ್ಮ ಮೀನು ಸತ್ತುಹೋಗಿತ್ತು ಅಂತಾನಾ?" ಡಾಕ್ಟರು ತಮಿಳಿನಲ್ಲಿ ಪ್ರೀತಿಯಿಂದಲೇ ಕೇಳಿದರು. "ದ್ರಾವಣ ಬದಲಾಯಿಸಿದೆ ಅಲ್ಲವಾ? ಮುಂದಿನ ತಿಂಗಳು ತಾವೇ ಬರ್ತಾರೆ, ಸಕ್ಕರೆ ಇಳಿದಿರುತ್ತೆ, ಮಾತ್ರೆ ಕಮ್ಮಿ ಮಾಡ್ತೀನಿ. ಅವರಿಗೂ ಸಂತೋಷ, ನಮಗೂ ಹೆಸರು."

"ನೀವೇ ಮೈಲ್‌ಸಾಮಿಗೆ ಹೇಳಿದ್ರಂತಲ್ಲಾ ಡಾಕ್ಟರ್."

"ಮತ್ತೆ? ನಿನಗೊಂದು ಆಟಿಕೆ ಬೇಕಿತ್ತು, ಕೊಟ್ಟೆ. ಚೆನ್ನಾಗೇ ಆಡಿಕೊಂಡಿದ್ದೆಯಲ್ಲ."

ವೆಲ್ಲಿಂಗಿರಿ ಹೊರಗೆ ಬಂದು ಪಟ್ಟಿ ಹಿಡಿದು ಸೈಕಲ್ ಹತ್ತಿದ. ಮೂರು ದಿನ ಮನೆ ಮನೆ ತಿರುಗಿದ. ಕೆಲವರು ಕಾಫಿ ಕೊಟ್ಟರು, ಕೆಲವರು ಬೈದರು. ಕುಪ್ಪಸಾಮಿ, "ಅವತ್ತು ಮೀನಿಗೆ ಕಾಯ್ಸಿದ್ರಿ, ಇವತ್ತು ಮೀನು ತಪ್ಪು ಅಂತೀರಾ" ಎಂದು ಗೇಟಿನಲ್ಲೇ ನಿಲ್ಲಿಸಿ ಮಾತಾಡಿದ. ಆದರೂ ಮರುದಿನ ಬೆಳಗ್ಗೆ ಬರಿಹೊಟ್ಟೆಯಲ್ಲಿ ಬಂದು ಕೂತ. ಇಪ್ಪತ್ತಾರು ಜನ ಬಂದರು. ಅವರಲ್ಲಿ ಹನ್ನೊಂದು ಜನಕ್ಕೆ ಸಕ್ಕರೆ ಕಾಯಿಲೆ ಇರಲೇ ಇಲ್ಲ. ನಾಲ್ಕನೆಯ ದಿನ ಬಾಗಿಲಿನ ಬೋರ್ಡು ಇಳಿದಿತ್ತು, ಅದರ ಜೊತೆಗೆ ಅವನ ಕೆಲಸವೂ ಹೋಗಿತ್ತು. ಐದನೆಯ ದಿನ ಹೊಸ ಬೋರ್ಡು ಬಂತು: "ಮೈಲ್‌ಸಾಮಿ, ಲ್ಯಾಬ್ ಇನ್‌ಚಾರ್ಜ್." ಮೈಲ್‌ಸಾಮಿ ಬೇಡವೆನ್ನಬಹುದಿತ್ತು. ಅನ್ನುತ್ತಾನೆಂದು ವೆಲ್ಲಿಂಗಿರಿ ಎರಡು ದಿನ ಮನೆಯಲ್ಲಿ ಕಾದ. ಅದೇ ಬೀದಿಯಲ್ಲಿ ಹಾದುಹೋಗುತ್ತಿದ್ದ ಮೈಲ್‌ಸಾಮಿಯ ಸೈಕಲ್ ಗಂಟೆ ಎರಡು ದಿನವೂ ಕೇಳಿಸಿತು, ನಿಲ್ಲಲಿಲ್ಲ.

ಕೊಯಮತ್ತೂರಿನ ಸಭೆಗೆ ಆ ಸುರುಳಿ ಹೋಗಲಿಲ್ಲ. ಸೆಲ್ಲಮ್ಮ ಅದನ್ನು ಬಟ್ಟೆ ಸುತ್ತುವ ಕೋಲಿಗೆ ಸುತ್ತಿ ಅಟ್ಟದ ಮೇಲಿಟ್ಟಳು.

ಮಗ್ಗದ ಶೆಡ್ಡಿನ ಪಕ್ಕದ ಕೋಣೆಯಲ್ಲಿ ವೆಲ್ಲಿಂಗಿರಿ ಸ್ವಂತ ಲ್ಯಾಬು ತೆರೆದ. ಬೋರ್ಡಿನಲ್ಲಿ ಹೆಸರಿಲ್ಲ, ರಕ್ತ ಪರೀಕ್ಷೆ ಎಂದಷ್ಟೇ. ಪವರ್‌ಲೂಮಿನ ಅದುರುವಿಕೆಗೆ ಯಂತ್ರದ ಮುಳ್ಳು ಕುಣಿಯುತ್ತಿದ್ದುದರಿಂದ ಅಳೆಯುವಾಗಲೆಲ್ಲ ಸೆಲ್ಲಮ್ಮ ಎರಡು ಮಗ್ಗ ನಿಲ್ಲಿಸಬೇಕಿತ್ತು. ಅಷ್ಟಾದರೂ ಅವನ ಆಟ ನಾಲ್ಕರ ಕೆಳಗೆ ಎಂದೂ ಇಳಿಯಲಿಲ್ಲ. ಇಳಿಯಲಿಲ್ಲವೆಂಬುದು ಅವನಿಗೆ ಸಮಾಧಾನ. ಬುಡ್ಡಿ ತೆಗೆಯುವವನೂ ಅವನೇ, ಕುದಿಸುವವನೂ ಅವನೇ, ಚುಕ್ಕೆ ಇಡುವವನೂ ಅವನೇ. ಕೋಟು ಹಾಕಲಿಲ್ಲ. ಅಂಗಿಯ ತುಂಬ ಆಸಿಡ್ಡಿನ ತೂತುಗಳು.

1988ರ ತೈ ತಿಂಗಳು, ಪೊಂಗಲ್ ಕಳೆದ ಮೇಲಿನ ಒಂದು ಬೆಳಗ್ಗೆ ಅವನ ಬೆಂಚಿನ ಮೇಲೆ ಮೈಲ್‌ಸಾಮಿ ಕೂತಿದ್ದ. ತೊಡೆಯ ಮೇಲೆ ಇಡ್ಲಿ ಡಬ್ಬಿ. ಮೂರು ವರ್ಷದಲ್ಲಿ ತೂಕ ಇಳಿದು ಕೊರಳಪಟ್ಟಿ ಸಡಿಲವಾಗಿತ್ತು.

"ನಿನ್ ಲ್ಯಾಬಲ್ಲಿ ನೋಡ್ಕೋಬೋದಿತ್ತಲ್ಲಾ" ಎಂದ ವೆಲ್ಲಿಂಗಿರಿ.

"ನೋಡ್ಕೊಂಡೆ. ನೂರಾ ಹತ್ತು ಬಂತು." ಮೈಲ್‌ಸಾಮಿ ಡಬ್ಬಿಯ ಮುಚ್ಚಳವನ್ನು ತಿರುಗಿಸುತ್ತಿದ್ದ. "ಅಲ್ಲಿ ಬರೋ ನಂಬರ್ ಎಂಥದ್ದು ಅಂತ ನನಗೆ ಗೊತ್ತಿಲ್ವಾ ಮಾಪ್ಳೆ. ನೀನು ನೋಡು."

ವೆಲ್ಲಿಂಗಿರಿ ಸೂಜಿ ಎತ್ತಿಕೊಂಡ. ರಕ್ತ ತೆಗೆದು ಪಕ್ಕಕ್ಕಿಟ್ಟ. ಮೊದಲು ಬುಡ್ಡಿ. ಅಮ್ಮನಿಗೆ ಕೂಗಿ ಹೇಳಿ ಮಗ್ಗ ನಿಲ್ಲಿಸಿದ, ಬಗ್ಗಿ ಮುಳ್ಳು ಓದಿದ, ಲೆಕ್ಕ ಹಾಕಿದ. ಆಗಿನ ಸೀರಂನ ಮೀನ್ ನೂರಾ ಎರಡು. ಬಂದದ್ದೂ ನೂರಾ ಎರಡು. ಹಸಿರು ಗೆರೆಯ ಮೇಲೇ.

"ಬಲೇಲೈತಾ?" ಎಂದು ಹೊರಗಿನಿಂದ ಹಳೆಯ ದನಿ ಕೇಳಿತು.

ಬಲೆಯಲ್ಲೇ ಇತ್ತು. ಪುಸ್ತಕದ ಪ್ರಕಾರ ಅಳೆದು ಮುಗಿಯಿತು, ಇನ್ನು ರೋಗಿಯ ರಕ್ತಕ್ಕೆ ಹೋಗಬಹುದು. ವೆಲ್ಲಿಂಗಿರಿ ಆ ನೂರಾ ಎರಡನ್ನು ಬಹಳ ಹೊತ್ತು ನೋಡಿದ. ಕೈಯಾರೆ ತೆಗೆದ ಬುಡ್ಡಿ, ಕಣ್ಣಾರೆ ಕಂಡ ಮುಳ್ಳು, ಆದರೂ ನಂಬಲಾಗಲಿಲ್ಲ.

"ಇರು" ಎಂದ. ಐಸ್ ಪೆಟ್ಟಿಗೆ ತೆರೆದು ಇನ್ನೊಂದು ಬುಡ್ಡಿ ತೆಗೆದು, ಕರಗಲೆಂದು ಅಂಗೈಯಲ್ಲಿ ಹಿಡಿದುಕೊಂಡು ನಿಂತ. ಕುದಿನೀರು ಮತ್ತೆ ಕಾಯಬೇಕಿತ್ತು. ಹೊರಗೆ ಡಬ್ಬಿಯಿಂದ ಚಟ್ನಿಯ ವಾಸನೆ ಬರತೊಡಗಿತು. ಎರಡನೆಯ ಬುಡ್ಡಿ ನೂರಾ ಏಳು ಎಂದಿತು. ಗೆರೆಯಿಂದ ಐದು ಮೇಲೆ, ಬಲೆಯೊಳಗೆ ವಕ್ರವಾಗಿ, ಜೀವವಿರುವ ಮೀನಿನ ಹಾಗೆ.

ಆಮೇಲೆ ಅವನು ಮೈಲ್‌ಸಾಮಿಯ ರಕ್ತವನ್ನು ನಳಿಗೆಗೆ ಹಾಕಿದ.